ಹಳೆಯ ಜಾವಾ, ಯೆಜ್ಡಿಗಳ ಸೈಲೆನ್ಸರ್ ಬಿಚ್ಚಿ ಮತ್ತೆ ಕೂರಿಸುವ ಬಗೆ

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತಾದರೂ ಅಲ್ಲಿ ತಯಾರಾದ 250 ಸಿಸಿಯ ಜಾವಾ ಮತ್ತು ಯೆಜ್ಡಿ ಬೈಕುಗಳು ಮೈಸೂರು, ಮಂಡ್ಯದ ಮನೆಗಳಲ್ಲಿ ಇನ್ನೂ ಉಳಿದಿವೆ, ಎಷ್ಟೋ ಕಡೆ ದಿನವೂ ಓಡುತ್ತಿವೆ. ಈ ಗಾಡಿಗಳಿಗೆ ಇರುವುದು ಒಂದೇ ಸಿಲಿಂಡರ್. ಆದರೆ ಸುಟ್ಟ ಹೊಗೆ ಹೊರಹೋಗಲು ಅದಕ್ಕೆ ಎರಡು ಬಾಯಿಗಳಿವೆ, ಎರಡು ಬೆಂಡ್ ಪೈಪುಗಳಿವೆ, ಎರಡು ಸೈಲೆನ್ಸರ್‌ಗಳಿವೆ. ಆದ್ದರಿಂದ ಇಲ್ಲಿ ಹೇಳುವ ಪ್ರತಿಯೊಂದು ಕೆಲಸವನ್ನೂ ಎರಡು ಸಲ ಮಾಡಬೇಕಾಗುತ್ತದೆ. ಎಡ ಮತ್ತು ಬಲ ಬದಿಗಳ ಸ್ಥಿತಿ ಒಂದೇ ರೀತಿ ಇರುತ್ತದೆಂದು ಮೊದಲೇ ಎಣಿಸಿಕೊಳ್ಳುವುದೂ ಸರಿಯಲ್ಲ.

ನನ್ನ ಬಳಿಯಿರುವುದು ನಮ್ಮ ತಂದೆಯವರು ಕೊಂಡಿದ್ದ 1976ರ ಯೆಜ್ಡಿ. ಹಲವು ವರ್ಷಗಳಿಂದ ಅದರ ಸೈಲೆನ್ಸರ್ ಕೆಲಸವನ್ನು ನಾನೇ ಮಾಡಿಕೊಳ್ಳುತ್ತಾ ಬಂದಿದ್ದೇನೆ. ಈ ಕೆಲಸದಲ್ಲಿ ಉಳಿಸಿಕೊಳ್ಳಲೇಬೇಕಾದ ವಸ್ತು ಒಂದೇ ಒಂದು, ಬೆಂಡ್ ಪೈಪು ಬಂದು ಕೂರುವ ಸಿಲಿಂಡರಿನ ಮೂತಿಯ ಮೇಲಿರುವ ಥ್ರೆಡ್. ನಟ್ ಹಾಳಾದರೆ ಬೇರೆ ನಟ್ ಸಿಗುತ್ತದೆ, ಪೈಪು ತೂತಾದರೆ ಬೆಸುಗೆ ಹಾಕಿಸಬಹುದು, ಸೈಲೆನ್ಸರನ್ನೂ ಹೊಸದಾಗಿ ತರಬಹುದು. ಮೂತಿಯ ಥ್ರೆಡ್ ಮಾತ್ರ ಸಿಲಿಂಡರಿನದೇ ಭಾಗವಾಗಿರುವುದರಿಂದ ಅದು ಸವೆದರೆ ಸಿಲಿಂಡರನ್ನೇ ಇಳಿಸಿ ಲೇತ್ ಅಂಗಡಿಗೆ ಒಯ್ಯಬೇಕು. ಮುಂದೆ ಹೇಳುವ ಎಚ್ಚರಿಕೆಗಳಲ್ಲಿ ಹೆಚ್ಚಿನವು ಈ ಒಂದು ಕಾರಣಕ್ಕಾಗಿಯೇ ಇವೆ.

ಯಾವಾಗ ಬಿಚ್ಚಬೇಕು

ಈ ಗಾಡಿಗಳ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿನ ಜೊತೆಗೆ ಎಣ್ಣೆಯೂ ಉರಿಯುತ್ತದೆ. ಪೂರ್ತಿ ಉರಿಯದ ಎಣ್ಣೆ ಮಸಿಯೊಡನೆ ಸೇರಿ ಮಡ್ಡಿಯಾಗಿ ಮೊದಲು ಸೈಲೆನ್ಸರಿನೊಳಗೆ ಸದ್ದು ತಗ್ಗಿಸುವ ಕೊಳವೆಯಾದ ಬ್ಯಾಫಲ್‌ನ ತೂತುಗಳಲ್ಲಿ, ಅನಂತರ ಪೈಪಿನ ಬಾಗಿನಲ್ಲಿ, ಕೊನೆಗೆ ಸಿಲಿಂಡರಿನ ಬಾಯಿಯಲ್ಲಿ ಕಟ್ಟಿಕೊಳ್ಳುತ್ತದೆ. ಊರೊಳಗೆ ಸಣ್ಣ ಸಣ್ಣ ದೂರಕ್ಕೆ ಮಾತ್ರ ಬಳಸುವ ಗಾಡಿಯಲ್ಲಿ ಇದು ಬೇಗ ಆಗುತ್ತದೆ. ಮನೆಯಿಂದ ದೇವರಾಜ ಮಾರುಕಟ್ಟೆಗೆ ಹೋಗಿ ಬರುವಷ್ಟರಲ್ಲಿ ಸೈಲೆನ್ಸರ್ ಹಿಂತುದಿಯವರೆಗೂ ಕಾಯುವುದಿಲ್ಲ. ಉರಿದಾಗ ಹುಟ್ಟುವ ನೀರಾವಿ ಒಳಗೇ ತಣಿದು ನಿಲ್ಲುತ್ತದೆ ಮತ್ತು ಮಡ್ಡಿಯ ಜೊತೆಗೆ ಒಳಗಿನಿಂದ ತುಕ್ಕೂ ಆರಂಭವಾಗುತ್ತದೆ. ಹೊರಗೆ ಕ್ರೋಮ್ ಕನ್ನಡಿಯಂತೆ ಹೊಳೆಯುತ್ತಿರುವಾಗಲೇ ತಳಭಾಗದಲ್ಲಿ ಸೂಜಿಮೊನೆಯಷ್ಟು ತೂತು ಕಾಣಿಸಿಕೊಳ್ಳುವುದು ಹೀಗೆ.

ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಮೊದಲು ಮೂರನೆಯ ಗೇರಿನಲ್ಲಿ ಹತ್ತುತ್ತಿದ್ದ ತಿರುವಿನಲ್ಲಿ ಈಗ ಎರಡನೆಯ ಗೇರು ಬೇಕಾಗುತ್ತಿದ್ದರೆ, ಎಕ್ಸಲರೇಟರ್ ತಿರುವಿದರೂ ಎಂಜಿನ್ ಒಂದು ವೇಗಕ್ಕಿಂತ ಮೇಲೇಳದೆ ಗೊಣಗುತ್ತಿದ್ದರೆ, ಪೈಪು ಮತ್ತು ಸಿಲಿಂಡರ್ ಕೂಡುವಲ್ಲಿ ಕಪ್ಪು ಎಣ್ಣೆ ಜಿನುಗುತ್ತಿದ್ದರೆ, ಸೈಲೆನ್ಸರ್ ಬಿಚ್ಚಿ ನೋಡುವ ಕಾಲ ಬಂದಿದೆ ಎಂದು ತಿಳಿಯಬಹುದು. ಎರಡು ಸೈಲೆನ್ಸರ್ ಇರುವ ಈ ಗಾಡಿಗಳಲ್ಲಿ ಒಂದು ಬದಿ ಪೂರ್ತಿ ಕಟ್ಟಿಕೊಂಡರೂ ಇನ್ನೊಂದು ಬದಿ ಕೆಲಸವನ್ನು ಸಾಗಿಸಿಕೊಂಡು ಹೋಗುವುದರಿಂದ ದೋಷ ಬಹಳ ದಿನ ಮರೆಯಾಗಿರುತ್ತದೆ. ಅದನ್ನು ಕಂಡುಹಿಡಿಯಲು, ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿ ಎಂಜಿನ್ ಚಾಲೂ ಮಾಡಿ, ಎರಡೂ ಸೈಲೆನ್ಸರ್‌ಗಳ ಹಿಂದೆ ಒಂದು ಗೇಣು ದೂರದಲ್ಲಿ ಅಂಗೈಗಳನ್ನು ಹಿಡಿದು ಹೊಗೆಯ ರಭಸವನ್ನು ಹೋಲಿಸಬೇಕು. ಒಂದು ಕೈಗೆ ಬಡಿತ ಸ್ಪಷ್ಟವಾಗಿ ತಾಕಿ ಇನ್ನೊಂದಕ್ಕೆ ಬರೀ ಬೆಚ್ಚನೆಯ ಗಾಳಿ ಬರುತ್ತಿದ್ದರೆ ಕಟ್ಟಿಕೊಂಡಿರುವ ಬದಿ ಯಾವುದೆಂದು ಅಲ್ಲೇ ತಿಳಿಯುತ್ತದೆ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಈ ಪರೀಕ್ಷೆ ಮಾಡಬಾರದು. ಆ ಹೊಗೆಯಲ್ಲಿ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಅದು ಪ್ರಾಣಕ್ಕೇ ಅಪಾಯ.

ಮೊದಲೇ ಮಾಡಿಕೊಳ್ಳಬೇಕಾದ ಸಿದ್ಧತೆ

ಬಿಚ್ಚುವ ಕೆಲಸ ಭಾನುವಾರ ಎಂದಿದ್ದರೆ ಅದರ ಆರಂಭ ಗುರುವಾರವೇ ಆಗಬೇಕು. ಗುರುವಾರ, ಶುಕ್ರವಾರ, ಶನಿವಾರ ಮೂರು ಸಂಜೆಯೂ ಎಂಜಿನ್ ಉಗುರುಬೆಚ್ಚಗಿರುವಾಗ ಪೈಪನ್ನು ಮೂತಿಗೆ ಹಿಡಿದಿಡುವ ಎಕ್ಸಾಸ್ಟ್ ನಟ್ಟಿನ ಅಂಚಿಗೆ, ಸೈಲೆನ್ಸರ್ ಕ್ಲಾಂಪಿನ ಬೋಲ್ಟಿಗೆ ಮತ್ತು ಹಿಂಬದಿಯ ಬೋಲ್ಟಿಗೆ ತುಕ್ಕು ಬಿಡಿಸುವ ಸ್ಪ್ರೇಯನ್ನು ಹೊಡೆಯಬೇಕು. ಸ್ಪ್ರೇ ಇಲ್ಲದಿದ್ದರೆ ಡೀಸೆಲ್ಲನ್ನು ಹನಿ ಹನಿಯಾಗಿ ಬಿಟ್ಟರೂ ನಡೆಯುತ್ತದೆ. ಪೈಪು ಬಿಸಿಯಾಗಿರುವಾಗ ಮಾತ್ರ ಇವುಗಳನ್ನು ಹಾಕಕೂಡದು, ಹೊತ್ತಿಕೊಳ್ಳುವ ಅಪಾಯವಿದೆ. ಮೂರು ದಿನದ ಈ ತಾಳ್ಮೆ ಭಾನುವಾರದ ಮೂರು ಗಂಟೆಯ ಹೆಣಗಾಟವನ್ನು ಉಳಿಸುತ್ತದೆಂಬುದು ನನ್ನ ಅನುಭವ.

ಸಲಕರಣೆಗಳಲ್ಲಿ ಮುಖ್ಯವಾದುದು ಎಕ್ಸಾಸ್ಟ್ ನಟ್ಟಿನ ಅಳತೆಗೆ ಸರಿಯಾದ ಸಿ ಸ್ಪ್ಯಾನರ್. ಈ ನಟ್ ಸಾಮಾನ್ಯ ಆರು ಮೂಲೆಯದಲ್ಲ. ಸುತ್ತಲೂ ಕಚ್ಚುಗಳಿರುವ ದುಂಡನೆಯ ಉಂಗುರ. ಶಾಕ್ ಅಬ್ಸಾರ್ಬರ್ ಬಿಗಿ ಮಾಡಲು ಕೊಡುವ ಸಿ ಸ್ಪ್ಯಾನರ್ ಇದಕ್ಕೆ ಹೊಂದುವುದು ಅಪರೂಪ, ಆದ್ದರಿಂದ ಹಳೆಯ ನಟ್ ಒಂದನ್ನು ಅಂಗಡಿಗೆ ಒಯ್ದು ಹೋಲಿಸಿ ಕೊಳ್ಳುವುದೇ ಸರಿ. ಸ್ಪ್ಯಾನರ್ ಇಲ್ಲವೆಂದು ನಟ್ಟಿನ ಕಚ್ಚಿಗೆ ಉಳಿಯಿಟ್ಟು ಸುತ್ತಿಗೆಯಿಂದ ಹೊಡೆಯುವ ಪದ್ಧತಿ ಬಹಳ ಕಡೆ ಇದೆ. ನಮ್ಮ ಗಾಡಿಯನ್ನು ಒಮ್ಮೆ ಒಂದು ವರ್ಕ್‌ಶಾಪಿಗೆ ಬಿಟ್ಟಾಗ ಹಾಗೆಯೇ ಹೊಡೆದರು. ಬಲಬದಿಯ ನಟ್ ಅಂಡಾಕಾರವಾಯಿತು, ಅದನ್ನೇ ಒತ್ತಾಯದಿಂದ ತಿರುವಿ ಮತ್ತೆ ಹಾಕಿದ್ದರಿಂದ ಮೂತಿಯ ಮೊದಲ ಎರಡು ಸುತ್ತು ಥ್ರೆಡ್ ಹರಿದುಹೋಯಿತು. ಇಂದಿಗೂ ಆ ಬದಿಯಲ್ಲಿ ನಟ್ ಹಿಡಿಯುವುದು ಉಳಿದ ಥ್ರೆಡ್ಡಿನ ಮೇಲೆಯೇ. ಒಂದು ಸ್ಪ್ಯಾನರಿನ ಬೆಲೆ ಎಷ್ಟೇ ಇರಲಿ, ಸಿಲಿಂಡರಿನ ಮುಂದೆ ಅದು ದೊಡ್ಡದಲ್ಲ.

ಇದರ ಜೊತೆಗೆ ರಿಂಗ್ ಸ್ಪ್ಯಾನರ್‌ಗಳು, ಸ್ಪಾರ್ಕ್ ಪ್ಲಗ್ ಸ್ಪ್ಯಾನರ್, ಮರದ ಅಥವಾ ರಬ್ಬರಿನ ಸುತ್ತಿಗೆ, ಹಿತ್ತಾಳೆಯ ತಂತಿ ಬ್ರಷ್, ಉಪ್ಪುಕಾಗದ, ಹಳೆಯ ಸೈಕಲ್ ಟ್ಯೂಬಿನ ತುಂಡು, ಹತ್ತಿ ಬಟ್ಟೆ, ಒಂದೆರಡು ಮರದ ತುಂಡುಗಳು ಇರಲಿ. ಮೂತಿ ಮತ್ತು ಪೈಪಿನ ನಡುವೆ ಹೊಗೆ ಸೋರದಂತೆ ಹಾಕುವ ಹೊಸ ಪ್ಯಾಕಿಂಗ್ ಉಂಗುರಗಳನ್ನು ಬಿಚ್ಚುವ ಮೊದಲೇ ತಂದಿಟ್ಟುಕೊಳ್ಳಬೇಕು.

ಬಿಚ್ಚುವ ಕ್ರಮ

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಗಾಡಿಯನ್ನು ಸಮನಾದ ನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಪೆಟ್ರೋಲ್ ಕಾಕ್ ಮುಚ್ಚಿ, ನ್ಯೂಟ್ರಲ್‌ನಲ್ಲಿರುವುದನ್ನು ಖಚಿತಪಡಿಸಿಕೊಳ್ಳಿ. ಬಿಚ್ಚುವ ಮುನ್ನ ಎರಡೂ ಬದಿಯಿಂದ ಒಂದೊಂದು ಫೋಟೊ ತೆಗೆದಿಟ್ಟುಕೊಂಡರೆ ವಾಷರ್ ಯಾವುದರ ಹಿಂದಿತ್ತು, ಕ್ಲಾಂಪಿನ ಬೋಲ್ಟು ಒಳಮುಖವಾಗಿತ್ತೇ ಹೊರಮುಖವಾಗಿತ್ತೇ ಎಂಬ ಅನುಮಾನ ಆಮೇಲೆ ಬರುವುದಿಲ್ಲ.

ಮೊದಲು ಎಕ್ಸಾಸ್ಟ್ ನಟ್ಟನ್ನು ಸಡಿಲಿಸಬೇಕು, ಪೂರ್ತಿ ಬಿಚ್ಚಬಾರದು. ಸೈಲೆನ್ಸರ್ ಇನ್ನೂ ತನ್ನ ಜಾಗದಲ್ಲಿರುವಾಗ ಪೈಪು ಅಲುಗಾಡುವುದಿಲ್ಲ, ಆಗ ನಟ್ಟಿನ ಮೇಲೆ ಹಾಕುವ ಬಲವೆಲ್ಲ ನಟ್ಟಿಗೇ ತಲುಪುತ್ತದೆ. ಸಿ ಸ್ಪ್ಯಾನರಿನ ಹಲ್ಲನ್ನು ಕಚ್ಚಿನಲ್ಲಿ ಪೂರ್ತಿ ಕೂರಿಸಿ, ಅದು ಜಾರದಂತೆ ಒಂದು ಕೈಯಿಂದ ಒತ್ತಿ ಹಿಡಿದು, ಮೊದಲು ಬಿಗಿಯಾಗುವ ಕಡೆಗೇ ಕೂದಲೆಳೆಯಷ್ಟು ತಿರುವಲು ಪ್ರಯತ್ನಿಸಿ. ಬಿಚ್ಚಬೇಕಾದುದನ್ನು ಬಿಗಿ ಮಾಡುವುದು ವಿಚಿತ್ರವೆನಿಸಬಹುದು, ಆದರೆ ಥ್ರೆಡ್ಡಿನ ನಡುವೆ ಹಿಡಿದಿರುವ ತುಕ್ಕಿನ ಪದರ ಯಾವ ದಿಕ್ಕಿನ ಅಲುಗಾಟಕ್ಕಾದರೂ ಒಡೆಯುತ್ತದೆ. ಅದು ಒಡೆದ ಮೇಲೆ ಎಡಕ್ಕೆ, ಅಂದರೆ ಮುಂದೆ ನಿಂತು ನೋಡಿದಾಗ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗಿಸಿ. ಕಾಲು ಸುತ್ತು ಬಂದರೆ ಮತ್ತೆ ಹನಿ ಎಣ್ಣೆ ಬಿಟ್ಟು, ಅರ್ಧಕ್ಕೆ ಹಿಂದಿರುಗಿಸಿ, ಮತ್ತೆ ಮುಂದಕ್ಕೆ ತನ್ನಿ. ಹೀಗೆ ಹಿಂದೆ ಮುಂದೆ ಆಡಿಸುತ್ತಾ ತಂದ ನಟ್ ತುಕ್ಕಿನ ಪುಡಿಯನ್ನು ತನ್ನೊಡನೆ ಹೊರತರುತ್ತದೆ. ಒಂದೇ ಬಲದಿಂದ ಎಳೆದರೆ ಅದೇ ಪುಡಿ ಥ್ರೆಡ್ಡನ್ನು ಕೆರೆಯುತ್ತದೆ.

ಇಷ್ಟಕ್ಕೂ ನಟ್ ಜಗ್ಗದಿದ್ದರೆ ಶಾಖ ಕೊಡಬೇಕಾಗುತ್ತದೆ. ನಟ್ ಸಿಲಿಂಡರಿನ ಮೂತಿಯನ್ನು ಹೊರಗಿನಿಂದ ಸುತ್ತಿಕೊಂಡಿರುವುದರಿಂದ ಅದನ್ನು ಮಾತ್ರ ಬೇಗ ಕಾಯಿಸಿದರೆ ಅದು ಮೂತಿಗಿಂತ ಮೊದಲು ಹಿಗ್ಗಿ ಹಿಡಿತ ಬಿಡುತ್ತದೆ. ಅತ್ಯಂತ ಸುರಕ್ಷಿತವಾದ ವಿಧಾನವೆಂದರೆ ಕುದಿಯುವ ನೀರಿನಲ್ಲಿ ಅದ್ದಿದ ದಪ್ಪ ಬಟ್ಟೆಯನ್ನು ನಟ್ಟಿಗೆ ಸುತ್ತುವುದು. ಬ್ಲೋ ಲ್ಯಾಂಪ್ ಬಳಸುವುದೇ ಆದರೆ ಪೆಟ್ರೋಲ್ ಟ್ಯಾಂಕನ್ನು ಕಳಚಿ ದೂರವಿಟ್ಟು, ಕಾರ್ಬೊರೇಟರಿನಲ್ಲಿರುವ ಪೆಟ್ರೋಲನ್ನೂ ಖಾಲಿ ಮಾಡಿ, ಹಿಂದಿನ ದಿನಗಳಲ್ಲಿ ಹಾಕಿದ ಸ್ಪ್ರೇಯನ್ನು ಒರೆಸಿ, ಪಕ್ಕದಲ್ಲಿ ಒಂದು ಬಕೆಟ್ ಮರಳನ್ನು ಇಟ್ಟುಕೊಂಡ ಮೇಲೆಯೇ ಹಚ್ಚಬೇಕು. ಜ್ವಾಲೆಯನ್ನು ಒಂದೇ ಕಡೆ ನಿಲ್ಲಿಸದೆ ನಟ್ಟಿನ ಸುತ್ತಲೂ ಆಡಿಸಬೇಕು.

ಶಾಖಕ್ಕೂ ಬಗ್ಗದ ನಟ್ಟನ್ನು ಕತ್ತರಿಸಿಬಿಡುವುದೇ ಲೇಸು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಹ್ಯಾಕ್ಸಾ ಬ್ಲೇಡಿನಿಂದ ನಟ್ಟಿನ ಅಡ್ಡಕ್ಕೆ ಒಂದು ಗೀರು ಕೊಯ್ದು, ಒಳಗಿನ ಥ್ರೆಡ್ ತಲುಪಲು ಇನ್ನೇನು ಸ್ವಲ್ಪವೇ ಉಳಿದಿದೆ ಎನ್ನುವಾಗ ನಿಲ್ಲಿಸಿ, ಆ ಗೀರಿನಲ್ಲಿ ಉಳಿಯನ್ನಿಟ್ಟು ತಿರುವಿದರೆ ನಟ್ ಸೀಳಿಕೊಳ್ಳುತ್ತದೆ. ಕ್ರೋಮ್ ಹೊಳೆಯುವ ಮೂಲ ನಟ್ಟನ್ನು ಕೊಯ್ಯಲು ಮನಸ್ಸು ಬರುವುದಿಲ್ಲ ನಿಜ, ಆದರೆ ಅದನ್ನು ಉಳಿಸಲು ಹೋಗಿ ಸಿಲಿಂಡರನ್ನು ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

ನಟ್ ಸಡಿಲವಾದ ಮೇಲೆ ಸೈಲೆನ್ಸರಿನ ಕೆಳಗೆ ಮರದ ತುಂಡುಗಳನ್ನಿಟ್ಟು ಭಾರವನ್ನು ಅವುಗಳ ಮೇಲೆ ಬಿಡಿ. ಆಮೇಲೆ ಪೈಪು ಮತ್ತು ಸೈಲೆನ್ಸರ್ ಕೂಡುವಲ್ಲಿನ ಕ್ಲಾಂಪನ್ನು ಸಡಿಲಿಸಿ, ಕೊನೆಗೆ ಹಿಂಬದಿಯ ಬ್ರಾಕೆಟ್ಟಿನ ಬೋಲ್ಟನ್ನು ತೆಗೆಯಿರಿ. ವರ್ಷಗಟ್ಟಲೆ ಕೂಡಿಕೊಂಡಿದ್ದ ಸೈಲೆನ್ಸರ್ ಪೈಪಿನಿಂದ ಸುಲಭವಾಗಿ ಬಿಡುವುದಿಲ್ಲ. ಅದನ್ನು ನೇರ ಹಿಂದಕ್ಕೆ ಎಳೆದರೆ ಪೈಪಿನ ಬಾಗು ಸೊಟ್ಟಗಾಗಬಹುದು. ಸೈಕಲ್ ಟ್ಯೂಬಿನ ತುಂಡನ್ನು ಸೈಲೆನ್ಸರಿಗೆ ಸುತ್ತಿ ಎರಡೂ ಕೈಗಳಿಂದ ಹಿಡಿದು, ಒದ್ದೆ ಬಟ್ಟೆ ಹಿಂಡುವಂತೆ ಆ ಕಡೆ ಈ ಕಡೆ ತಿರುವುತ್ತಾ ಹಿಂದಕ್ಕೆ ತಂದರೆ ಹಿಡಿತ ಬಿಡುತ್ತದೆ, ಕ್ರೋಮಿಗೂ ಗೀರು ಬೀಳುವುದಿಲ್ಲ. ಸೈಲೆನ್ಸರ್ ಕೈಗೆ ಬಂದ ಮೇಲೆ ನಟ್ಟನ್ನು ಕೈಯಿಂದಲೇ ಪೂರ್ತಿ ತಿರುವಿ ಬಿಚ್ಚಿ, ಪೈಪನ್ನು ಕೆಳಮುಖವಾಗಿ ಹೊರತೆಗೆಯಬಹುದು. ಫುಟ್‌ರೆಸ್ಟ್ ಅಡ್ಡ ಬಂದರೆ ಪೈಪನ್ನು ಬಗ್ಗಿಸಲು ಹೋಗದೆ ಅದರ ಬೋಲ್ಟನ್ನೇ ಸಡಿಲಿಸಿ. ಪ್ರತಿಯೊಂದು ಭಾಗಕ್ಕೂ ಎಡ, ಬಲ ಎಂದು ಸೀಮೆಸುಣ್ಣದಿಂದ ಗುರುತು ಹಾಕಿಡಿ.

ಮೂತಿಯಲ್ಲಿ ಅಂಟಿಕೊಂಡಿರುವ ಹಳೆಯ ಪ್ಯಾಕಿಂಗಿನ ಬಗ್ಗೆ ವಿಶೇಷ ಎಚ್ಚರ ಬೇಕು. ಆ ಕಾಲದ ಪ್ಯಾಕಿಂಗ್‌ಗಳಲ್ಲಿ ತಾಮ್ರದ ನಡುವೆ ಕಲ್ನಾರನ್ನು (ಆಸ್ಬೆಸ್ಟಾಸ್) ಬಳಸುತ್ತಿದ್ದರು. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಹೋದರೆ ಹಲವು ವರ್ಷಗಳ ಅನಂತರವೂ ಗಂಭೀರ ಕಾಯಿಲೆ ತರಬಲ್ಲದು. ಆದ್ದರಿಂದ ಅದನ್ನು ಒಣಗಿರುವಾಗ ಕೆರೆಯುವುದು, ತಂತಿ ಬ್ರಷ್ಷಿನಿಂದ ಉಜ್ಜುವುದು, ಬಾಯಿಂದ ಊದುವುದು ಇವು ಯಾವುದನ್ನೂ ಮಾಡದೆ, ಚೆನ್ನಾಗಿ ನೆನೆಸಿ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಒದ್ದೆಯಾಗಿಯೇ ಎಬ್ಬಿಸಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಬೇಕು.

ಮಡ್ಡಿ ತೆಗೆಯುವುದು

ಸಿಲಿಂಡರಿನ ಬಾಯಿಯಿಂದ ಆರಂಭಿಸೋಣ. ಸ್ಪಾರ್ಕ್ ಪ್ಲಗ್ ತೆಗೆದು ಎಂಜಿನ್ನನ್ನು ನಿಧಾನವಾಗಿ ತಿರುಗಿಸಿ, ಪಿಸ್ಟನ್ನಿನ ಪಕ್ಕೆ ಎಕ್ಸಾಸ್ಟ್ ಬಾಯಿಯನ್ನು ಪೂರ್ತಿ ಮುಚ್ಚುವ ಸ್ಥಾನಕ್ಕೆ ತನ್ನಿ. ಈ ಗಾಡಿಗಳಲ್ಲಿ ಎಡಬದಿಯ ಗೇರ್ ಲಿವರ್ರೇ ಕಿಕ್ಕರ್ ಕೂಡ ಆಗಿರುವುದರಿಂದ ಅದನ್ನು ಕೈಯಿಂದಲೇ ಮೆಲ್ಲಗೆ ಒತ್ತುತ್ತಾ ಪಿಸ್ಟನ್ ಸ್ಥಾನವನ್ನು ನೋಡಬಹುದು. ಬಾಯಿ ಮುಚ್ಚಿದ್ದರೆ ಕೆರೆದ ಚೂರುಗಳು ಒಳಗೆ ಬೀಳುವುದಿಲ್ಲ. ಕೆರೆಯಲು ಗಟ್ಟಿಮರದ ಅಥವಾ ಬಿದಿರಿನ ಚಪ್ಪಟೆ ಕಡ್ಡಿಯೇ ಸಾಕು, ಸ್ಕ್ರೂಡ್ರೈವರ್ ಬೇಡ. ಪಿಸ್ಟನ್ನಿನ ಮೇಲೆ ಒಂದು ಗೀರು ಬಿದ್ದರೂ ಅದು ಸಿಲಿಂಡರಿನ ಗೋಡೆಯನ್ನು ಉಜ್ಜುತ್ತಲೇ ಇರುತ್ತದೆ. ಚೂರುಗಳನ್ನು ಗ್ರೀಸ್ ಸವರಿದ ಬಟ್ಟೆಯಿಂದ ಒತ್ತಿ ಒತ್ತಿ ತೆಗೆದು, ಕೊನೆಯಲ್ಲಿ ಪೆಟ್ರೋಲ್ ಕಾಕ್ ಮುಚ್ಚಿರುವಂತೆಯೇ ನಾಲ್ಕಾರು ಸಲ ಕಿಕ್ ಮಾಡಿದರೆ ಉಳಿದ ಪುಡಿ ಹೊರಬರುತ್ತದೆ.

ಬೆಂಡ್ ಪೈಪಿನ ಒಳಗನ್ನು ತೆಗೆಯಲು ಹಳೆಯ ಸೈಕಲ್ ಚೈನ್ ಬಹಳ ಉಪಯುಕ್ತ. ಅದರ ಎರಡು ತುದಿಗೂ ಹಗ್ಗ ಕಟ್ಟಿ, ಪೈಪಿನೊಳಗೆ ತೂರಿಸಿ, ಇಬ್ಬರು ಎರಡು ಕಡೆ ಹಿಡಿದು ಕಡೆಗೋಲಿನ ಹಗ್ಗದಂತೆ ಎಳೆದಾಡಿದರೆ ಬಾಗಿನಲ್ಲಿರುವ ಮಡ್ಡಿಯೂ ಬಿಡುತ್ತದೆ.

ಬ್ಯಾಫಲ್ ತೆಗೆಯುವ ರೀತಿ ಮಾದರಿಯಿಂದ ಮಾದರಿಗೆ ಬೇರೆ. ಕೆಲವದರಲ್ಲಿ ಹಿಂತುದಿಯ ನಟ್ ಬಿಚ್ಚಿದರೆ ತುದಿಯ ಟೋಪಿಯೊಡನೆ ಅದೂ ಬರುತ್ತದೆ, ಕೆಲವದರಲ್ಲಿ ಪಕ್ಕದಲ್ಲೊಂದು ಸ್ಕ್ರೂ ಇರುತ್ತದೆ. ಮಡ್ಡಿಯಿಂದ ಅಂಟಿಕೊಂಡಿದ್ದರೆ ಒಂದು ರಾತ್ರಿ ಸೈಲೆನ್ಸರನ್ನು ತಲೆಕೆಳಗಾಗಿ ನಿಲ್ಲಿಸಿ ಡೀಸೆಲ್ ತುಂಬಿಟ್ಟು, ಮರುದಿನ ತಿರುವುತ್ತಾ ಎಳೆಯಬೇಕು. ಹೊರಬಂದ ಬ್ಯಾಫಲ್ ಉಕ್ಕಿನ ಕೊಳವೆಯಾದ್ದರಿಂದ ಅದನ್ನು ಸುಡಬಹುದು. ನಮ್ಮ ಊರ ಕಡೆ ಬಚ್ಚಲ ಒಲೆಗೆ ಹಾಕುವುದುಂಟು. ಮಂಡ್ಯದ ಕಡೆಯ ನೆಂಟರೊಬ್ಬರು ತೋಟದಲ್ಲಿ ಒಣಗಿದ ಕಬ್ಬಿನ ತರಗಿನ ಸಣ್ಣ ಗುಡ್ಡೆಯಲ್ಲಿಟ್ಟು ಸುಟ್ಟುಕೊಟ್ಟಿದ್ದರು. ಹೊರಡುವ ಹೊಗೆ ದಟ್ಟವೂ ಕೆಟ್ಟದ್ದೂ ಆಗಿರುವುದರಿಂದ ಮನೆಯೊಳಗಿನ ಒಲೆಗಿಂತ ಬಯಲೇ ಮೇಲು. ಡೀಸೆಲ್ ಪೂರ್ತಿ ಸೋರಿ ಆರಿದ ಮೇಲೆಯೇ ಬೆಂಕಿಗೆ ಹಾಕಬೇಕು. ತಣ್ಣಗಾದ ಮೇಲೆ ಕುಟ್ಟಿದರೆ ಮಸಿ ಪದರ ಪದರವಾಗಿ ಉದುರುತ್ತದೆ. ಕ್ರೋಮ್ ಮಾಡಿದ ಸೈಲೆನ್ಸರ್ ಚಿಪ್ಪನ್ನು ಮಾತ್ರ ಎಂದಿಗೂ ಬೆಂಕಿಗೆ ಹಿಡಿಯಬಾರದು. ಅದು ನೀಲಿಗಟ್ಟಿ ಹೊಟ್ಟು ಹೊಟ್ಟಾಗಿ ಏಳುತ್ತದೆ.

ಸುಡಲು ಅನುಕೂಲವಿಲ್ಲದವರು ಕಾಸ್ಟಿಕ್ ಸೋಡಾ ಬಳಸಬಹುದು. ಒಂದು ಲೀಟರ್ ನೀರಿಗೆ ಸುಮಾರು 100 ಗ್ರಾಂನಂತೆ ಕರಗಿಸಿ ಬ್ಯಾಫಲನ್ನು ಒಂದು ರಾತ್ರಿ ಮುಳುಗಿಸಿಡಬೇಕು. ಯಾವಾಗಲೂ ನೀರಿಗೆ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕೇ ಹೊರತು ಸೋಡಾದ ಮೇಲೆ ನೀರನ್ನು ಸುರಿಯಬಾರದು, ಏಕೆಂದರೆ ಕರಗುವಾಗ ಹುಟ್ಟುವ ಶಾಖಕ್ಕೆ ಅದು ಕುದಿದು ಮುಖಕ್ಕೆ ಸಿಡಿಯಬಹುದು. ರಬ್ಬರ್ ಕೈಗವಸು ಮತ್ತು ಕಣ್ಣಿಗೆ ಕನ್ನಡಕ ಕಡ್ಡಾಯ. ಪಾತ್ರೆ ದಪ್ಪ ಪ್ಲಾಸ್ಟಿಕ್ಕಿನದೋ ಕಬ್ಬಿಣದ್ದೋ ಆಗಿರಲಿ. ಅಲ್ಯೂಮಿನಿಯಂ ಪಾತ್ರೆಯನ್ನು ಈ ದ್ರಾವಣ ತಿಂದುಹಾಕುವುದಲ್ಲದೆ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲವನ್ನೂ ಬಿಡುತ್ತದೆ. ಇದೇ ಕಾರಣಕ್ಕೆ ಎಂಜಿನ್ನಿನ ಅಲ್ಯೂಮಿನಿಯಂ ಭಾಗಗಳ ಹತ್ತಿರ ಇದನ್ನು ತರಲೇಬಾರದು. ಮಕ್ಕಳಿರುವ ಮನೆಯಲ್ಲಿ ಈ ಬಕೆಟ್ಟನ್ನು ರಾತ್ರಿಯಿಡೀ ಬಿಡುವುದಕ್ಕಿಂತ ಬೆಂಕಿಯ ದಾರಿಯೇ ಒಳ್ಳೆಯದೆಂದು ನನಗನಿಸುತ್ತದೆ.

ಬ್ಯಾಫಲ್ ಇಲ್ಲದೆಯೇ ಗಾಡಿ ಓಡಿಸಿದರೆ ಶಕ್ತಿ ಹೆಚ್ಚುತ್ತದೆ ಎಂಬ ನಂಬಿಕೆ ಹುಡುಗರಲ್ಲಿ ಇಂದಿಗೂ ಇದೆ. ಇದು ತಪ್ಪು, ಮತ್ತು ಏಕೆ ತಪ್ಪು ಎಂಬುದನ್ನು ತಿಳಿಯುವುದು ಒಳ್ಳೆಯದು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ರತ್ಯೇಕ ವಾಲ್ವುಗಳಿಲ್ಲ. ಸುಟ್ಟ ಹೊಗೆ ಹೊರಹೋಗುವ ಬಾಯಿ ತೆರೆದಿರುವಾಗಲೇ ಹೊಸ ಮಿಶ್ರಣ ಒಳಗೆ ಬರುತ್ತದೆ, ಅದರಲ್ಲೊಂದು ಪಾಲು ಹೊಗೆಯ ಹಿಂದೆಯೇ ಹೊರಗೆ ನುಗ್ಗುತ್ತದೆ. ಪೈಪು ಮತ್ತು ಸೈಲೆನ್ಸರಿನ ಆಕಾರಕ್ಕೆ ಬಡಿದು ಮರಳುವ ಒತ್ತಡದ ಅಲೆಯು ಆ ಪಾಲನ್ನು ಬಾಯಿ ಮುಚ್ಚುವ ಮೊದಲು ಒಳಕ್ಕೆ ತಳ್ಳಬೇಕು. ಒಳಗಿನ ಭಾಗಗಳನ್ನು ತೆಗೆದಾಗ ಈ ಲೆಕ್ಕವೆಲ್ಲ ತಪ್ಪುತ್ತದೆ. ಪೆಟ್ರೋಲ್ ವ್ಯರ್ಥವಾಗುತ್ತದೆ, ಸದ್ದಿನಿಂದಾಗಿ ವೇಗ ಹೆಚ್ಚಿದಂತೆ ಭ್ರಮೆಯಾಗುತ್ತದೆ, ಎಂಜಿನ್ ಅತಿಯಾಗಿ ಕಾದು ಪಿಸ್ಟನ್ ಸೀಜ್ ಆಗುವ, ಅಂದರೆ ಸಿಲಿಂಡರಿನಲ್ಲಿ ಕಚ್ಚಿಕೊಂಡು ನಿಲ್ಲುವ ಸಂಭವವೂ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ಸದ್ದನ್ನು ತಗ್ಗಿಸುವ ಸೈಲೆನ್ಸರ್ ಇರಲೇಬೇಕೆಂಬುದು ಬೇರೆ ಮಾತು.

ಮತ್ತೆ ಕೂರಿಸುವುದು

ಮೂತಿಯ ಥ್ರೆಡ್ಡನ್ನು ಹಿತ್ತಾಳೆ ಬ್ರಷ್ ಮತ್ತು ಸೀಮೆಎಣ್ಣೆಯಿಂದ ಉಜ್ಜಿ, ಪ್ರತಿ ಸುತ್ತಿನ ತಳವೂ ಕಾಣುವಂತೆ ಮಾಡಬೇಕು. ಅಲ್ಲಲ್ಲಿ ಥ್ರೆಡ್ ಮಡಚಿಕೊಂಡಿದ್ದರೆ ಹಳೆಯ, ಆದರೆ ಥ್ರೆಡ್ ಚೆನ್ನಾಗಿರುವ ನಟ್ ಒಂದಕ್ಕೆ ಒಳಭಾಗದಲ್ಲಿ ಎರಡು ಮೂರು ಕಡೆ ಹ್ಯಾಕ್ಸಾ ಗೀರು ಹಾಕಿ, ಎಣ್ಣೆ ಸವರಿ, ಕೈಯಿಂದ ನಿಧಾನವಾಗಿ ತಿರುವುತ್ತಾ ಹೋದರೆ ಆ ಗೀರುಗಳ ಅಂಚು ಮಡಚಿದ ಥ್ರೆಡ್ಡನ್ನು ನೇರ ಮಾಡುತ್ತದೆ. ಆಮೇಲೆ ಥ್ರೆಡ್ಡಿಗೆ ಗ್ರಾಫೈಟ್ ಗ್ರೀಸ್ ಅಥವಾ ತಾಮ್ರದ ಪುಡಿ ಬೆರೆಸಿದ ಗ್ರೀಸನ್ನು ತೆಳ್ಳಗೆ ಸವರಿ. ಸಾಮಾನ್ಯ ಗ್ರೀಸ್ ಆ ಶಾಖಕ್ಕೆ ಸುಟ್ಟು ಗಟ್ಟಿಯಾಗುತ್ತದೆ, ಮುಂದಿನ ಸಲ ಬಿಚ್ಚುವಾಗ ಅದೇ ಶತ್ರುವಾಗುತ್ತದೆ.

ತಾಮ್ರದ ಉಂಗುರವನ್ನು ಪ್ಯಾಕಿಂಗಾಗಿ ಬಳಸುವವರು ಅದನ್ನು ಮಂದ ಕೆಂಪಗಾಗುವವರೆಗೆ ಕಾಯಿಸಿ ನೀರಿನಲ್ಲಿ ಅದ್ದಬೇಕು. ಉಕ್ಕಿಗೆ ಹೀಗೆ ಮಾಡಿದರೆ ಗಡಸಾಗುತ್ತದೆ, ತಾಮ್ರ ಮೃದುವಾಗುತ್ತದೆ. ಮೃದುವಾದ ಉಂಗುರ ಮೂತಿ ಮತ್ತು ಪೈಪಿನ ಅಂಚಿನ ನಡುವಿನ ಸಣ್ಣ ತಗ್ಗುಗಳನ್ನು ತುಂಬಿಕೊಳ್ಳುತ್ತದೆ. ಒಮ್ಮೆ ಅದುಮಿದ ಉಂಗುರವನ್ನು ಕಾಯಿಸದೆ ಮತ್ತೆ ಹಾಕಿದರೆ ಹೊಗೆ ಸೋರುತ್ತದೆ.

ಪ್ಯಾಕಿಂಗ್ ಹಾಕುವ ಮುನ್ನ ಒಂದು ಸಲ ಬರಿದೇ ಜೋಡಿಸಿ ನೋಡುವುದನ್ನು ನಾನು ಎಂದೂ ಬಿಡುವುದಿಲ್ಲ. ಪೈಪಿನ ಅಂಚು ಮೂತಿಯ ಮುಖಕ್ಕೆ ಸುತ್ತಲೂ ಸಮನಾಗಿ ತಾಕಬೇಕು, ಆ ಸ್ಥಿತಿಯಲ್ಲಿಯೇ ಸೈಲೆನ್ಸರಿನ ಹಿಂದಿನ ತೂತು ಬ್ರಾಕೆಟ್ಟಿನ ತೂತಿಗೆ ಎದುರಾಗಿ ನಿಲ್ಲಬೇಕು. ಬೆರಳಿನಷ್ಟು ಅಂತರವಿದ್ದರೆ ಎಳೆದು ಬೋಲ್ಟು ಹಾಕಬಾರದು. ಹಿಂದೆ ಯಾವಾಗಲೋ ಗಾಡಿ ಬಿದ್ದು ಬ್ರಾಕೆಟ್ ಬಾಗಿರಬಹುದು, ಪೈಪೇ ಸೊಟ್ಟಗಿರಬಹುದು, ಇಲ್ಲವೇ ಪೈಪು ಸೈಲೆನ್ಸರಿನೊಳಗೆ ಸಾಕಷ್ಟು ಹೋಗಿರಲಿಕ್ಕಿಲ್ಲ. ಕಾರಣವನ್ನು ಕಂಡು ಸರಿಪಡಿಸಬೇಕು. ಎಳೆದು ಕಟ್ಟಿದ ಸೈಲೆನ್ಸರ್ ಎಂಜಿನ್ನಿನ ಪ್ರತಿಯೊಂದು ಅದಿರಾಟವನ್ನೂ ತನ್ನ ಬೆಸುಗೆಯ ಮೇಲೆ ತೆಗೆದುಕೊಳ್ಳುತ್ತದೆ. ಮೊದಲ ಸಲ ನಾನೇ ಈ ಕೆಲಸ ಮಾಡಿದಾಗ ಹಿಂದಿನ ಬೋಲ್ಟನ್ನು ಮೊದಲು ಬಿಗಿ ಮಾಡಿ, ನಟ್ಟನ್ನು ಕೊನೆಗೆ ತಿರುವಿದ್ದೆ. ತಿಂಗಳು ಕಳೆಯುವಷ್ಟರಲ್ಲಿ ಶ್ರೀರಂಗಪಟ್ಟಣದಿಂದ ಬರುವ ದಾರಿಯಲ್ಲಿ ಬ್ರಾಕೆಟ್ಟಿನ ಬೆಸುಗೆ ಬಿಟ್ಟು ಸೈಲೆನ್ಸರ್ ಜೋತುಬಿತ್ತು. ತಂತಿಯಿಂದ ಕಟ್ಟಿಕೊಂಡು ಮನೆ ಸೇರಿದ ಆ ಸಂಜೆ ಕ್ರಮದ ಬೆಲೆ ನನಗೆ ತಿಳಿಯಿತು.

ಸರಿಯಾದ ಕ್ರಮ ಹೀಗಿದೆ. ಬ್ಯಾಫಲನ್ನು ಸೈಲೆನ್ಸರಿಗೆ ಸೇರಿಸಿ ಅದರ ನಟ್ ಅಥವಾ ಸ್ಕ್ರೂವನ್ನು ಬಿಗಿ ಮಾಡಿ. ಪ್ಯಾಕಿಂಗ್ ಇಟ್ಟು ಪೈಪನ್ನು ಮೂತಿಗೆ ಹಿಡಿದು ನಟ್ಟನ್ನು ಕೈಯಿಂದಲೇ ತಿರುವಲು ಆರಂಭಿಸಿ. ಮೊದಲು ಬಿಚ್ಚುವ ದಿಕ್ಕಿಗೆ ಮೆಲ್ಲಗೆ ತಿರುವಿದರೆ ಥ್ರೆಡ್ಡಿನ ಆರಂಭ ಸಿಕ್ಕಾಗ ಕಟ್ ಎಂದು ಕೈಗೆ ತಿಳಿಯುತ್ತದೆ, ಅಲ್ಲಿಂದ ಮುಂದಕ್ಕೆ ತಿರುವಿದರೆ ನಟ್ ಓರೆಯಾಗಿ ಹಿಡಿಯುವುದಿಲ್ಲ. ಮೂರು ನಾಲ್ಕು ಸುತ್ತಾದರೂ ಬೆರಳಿನ ಬಲದಲ್ಲೇ ಹೋಗಬೇಕು. ಹೋಗದಿದ್ದರೆ ಸ್ಪ್ಯಾನರ್ ಎತ್ತಿಕೊಳ್ಳದೆ ನಟ್ಟನ್ನು ತೆಗೆದು ಮತ್ತೆ ಮೊದಲಿನಿಂದ ಆರಂಭಿಸಿ. ಬಳಿಕ ಕ್ಲಾಂಪನ್ನು ಪೈಪಿಗೆ ತೂರಿಸಿ, ಸೈಲೆನ್ಸರನ್ನು ತಿರುವುತ್ತಾ ಸೇರಿಸಿ, ಹಿಂದಿನ ಬೋಲ್ಟನ್ನು ವಾಷರುಗಳೊಡನೆ ಸಡಿಲವಾಗಿ ಹಾಕಿ. ಇನ್ನೊಂದು ಬದಿಯನ್ನೂ ಹೀಗೆಯೇ ಜೋಡಿಸಿ. ಎಲ್ಲವೂ ಸಡಿಲವಾಗಿ ತಮ್ಮ ತಮ್ಮ ಜಾಗದಲ್ಲಿ ಕುಳಿತ ಮೇಲೆ ಗಾಡಿಯ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ಎರಡೂ ಸೈಲೆನ್ಸರ್‌ಗಳ ಎತ್ತರವನ್ನು ಹೋಲಿಸಿ ಸರಿಪಡಿಸಿ. ಅನಂತರ ಎರಡೂ ಎಕ್ಸಾಸ್ಟ್ ನಟ್ಟುಗಳು, ಅದಾದ ಮೇಲೆ ಕ್ಲಾಂಪುಗಳು, ಕಟ್ಟಕಡೆಗೆ ಹಿಂಬದಿಯ ಬೋಲ್ಟುಗಳು, ಹೀಗೆ ಮುಂದಿನಿಂದ ಹಿಂದಕ್ಕೆ ಬಿಗಿ ಮಾಡುತ್ತಾ ಬನ್ನಿ. ನಟ್ಟನ್ನು ಸ್ಪ್ಯಾನರಿನ ಸಹಜ ಉದ್ದದಿಂದಲೇ ಬಿಗಿಯಬೇಕು. ಅದಕ್ಕೆ ಪೈಪು ಸಿಕ್ಕಿಸಿ ಉದ್ದ ಮಾಡಿಕೊಳ್ಳುವುದು ಬೇಡ. ಕೊನೆಗೆ ಪ್ಲಗ್ ಹಾಕಿ, ಟ್ಯಾಂಕ್ ಇಳಿಸಿದ್ದರೆ ಅದನ್ನೂ ಕೂರಿಸಿ, ಕ್ರೋಮಿನ ಮೇಲಿರುವ ಬೆರಳಿನ ಗುರುತುಗಳನ್ನು ಒರೆಸಿಬಿಡಿ. ಎಣ್ಣೆಗೈಯ ಗುರುತು ಮೊದಲ ಬಿಸಿಗೇ ಕಲೆಯಾಗಿ ನಿಂತುಬಿಡುತ್ತದೆ.

ಬೇರೆ ಹಳೆಯ ಗಾಡಿಗಳಲ್ಲಿ ಸಿಲಿಂಡರಿನ ಕಡೆಯ ಜೋಡಣೆ ಮಾತ್ರ ಬೇರೆಯಾಗಿರುತ್ತದೆ. ಯಮಹಾ ಆರ್‌ಎಕ್ಸ್ 100ರಲ್ಲಿ ದುಂಡು ನಟ್ಟಿನ ಬದಲು ಎರಡು ಕಡೆ ಬಿಗಿಯುವ ಪಟ್ಟಿ ಇದೆ, ಅದನ್ನು ಎರಡೂ ಕಡೆ ಸ್ವಲ್ಪ ಸ್ವಲ್ಪವಾಗಿ, ಸಮನಾಗಿ ಬಿಗಿಯಬೇಕು. ಹಳೆಯ ಕಬ್ಬಿಣದ ಸಿಲಿಂಡರಿನ ಬುಲೆಟ್‌ನಲ್ಲಿ ಪೈಪನ್ನು ಹೆಡ್ಡಿನ ಬಾಯಿಗೆ ಬಿಗಿಯಾಗಿ ತೂರಿಸಿರುತ್ತಾರೆ. ಕ್ರಮ ಎಲ್ಲಕ್ಕೂ ಇದೇ.

ಸೋರಿಕೆ ನೋಡುವುದು

ಎಂಜಿನ್ ಚಾಲೂ ಮಾಡಿದ ಮೊದಲ ಕೆಲವು ನಿಮಿಷ ಒಳಗುಳಿದ ಡೀಸೆಲ್ ಮತ್ತು ಗ್ರೀಸ್ ಸುಟ್ಟು ಹೊಗೆ ಹೆಚ್ಚಾಗಿಯೇ ಬರುತ್ತದೆ, ಅದಕ್ಕೆ ಗಾಬರಿಯಾಗಬೇಕಿಲ್ಲ. ಇಬ್ಬರಿದ್ದರೆ ಎಂಜಿನ್ ಮೆಲ್ಲಗೆ ಓಡುತ್ತಿರುವಾಗ ದಪ್ಪ ಕೈಗವಸು ಹಾಕಿಕೊಂಡು ಒದ್ದೆ ಬಟ್ಟೆಯ ಉಂಡೆಗಳಿಂದ ಎರಡೂ ಸೈಲೆನ್ಸರ್‌ಗಳ ತುದಿಯನ್ನು ಒಂದು ಕ್ಷಣ ಒತ್ತಿ ಹಿಡಿಯಿರಿ. ಜೋಡಣೆಯಲ್ಲಿ ಸಂದಿದ್ದರೆ ಅಲ್ಲಿಂದ ಸುಸ್ಸೆಂಬ ಸದ್ದು ಬರುತ್ತದೆ. ಊದುಬತ್ತಿಯ ಹೊಗೆ ಹಿಡಿದು ಸೋರಿಕೆ ನೋಡುವವರಿದ್ದಾರೆ, ಆದರೆ ಪೆಟ್ರೋಲಿನ ಹತ್ತಿರ ಕೆಂಡ ಒಯ್ಯುವುದನ್ನು ನಾನು ಒಪ್ಪುವುದಿಲ್ಲ. ತೆಳುವಾದ ಕಾಗದದ ಚೂರನ್ನು ಜೋಡಣೆಯ ಹತ್ತಿರ ಹಿಡಿದರೆ ಅದು ನಡುಗುವುದೇ ಸಾಕ್ಷಿ.

ಆಮೇಲೆ ಗಾಡಿಯನ್ನು ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಬೇಕು. ನಾನು ಲಲಿತಮಹಲ್ ರಸ್ತೆಯ ಮೂಲಕ ಹೋಗಿ ಚಾಮುಂಡಿ ಬೆಟ್ಟ ಹತ್ತಿಸಿ ಇಳಿಸುತ್ತೇನೆ; ಏರಿನಲ್ಲಿ ಎಂಜಿನ್ ಮೇಲೆ ಭಾರ ಬಿದ್ದು ಪೈಪು ಪೂರ್ತಿ ಹಿಗ್ಗುತ್ತದೆ, ಸಡಿಲವಾಗುವುದಿದ್ದರೆ ಅಲ್ಲೇ ಸದ್ದಿನಲ್ಲಿ ತಿಳಿಯುತ್ತದೆ. ಮನೆಗೆ ಬಂದು ಎಂಜಿನ್ ತಣ್ಣಗಾದ ಮೇಲೆ ನಟ್ಟಿಗೆ ಮತ್ತೆ ಸ್ಪ್ಯಾನರ್ ಹಾಕಿದರೆ, ತಾಮ್ರದ ಉಂಗುರ ಅದುಮಿಕೊಂಡಿರುವುದರಿಂದ ಅದು ಇನ್ನೂ ಸ್ವಲ್ಪ ತಿರುಗುವುದು ಸಹಜ. ಸುಮಾರು 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ನೋಡಬೇಕು. ಮರುದಿನ ಬೆಳಗ್ಗೆ ಮೂತಿಯ ಕೆಳಗೆ ಕಪ್ಪು ಗೆರೆಯೊಂದು ಒದ್ದೆಯಾಗಿ ಕಂಡರೆ ಪ್ಯಾಕಿಂಗ್ ಸರಿಯಾಗಿ ಕುಳಿತಿಲ್ಲ ಎಂದರ್ಥ. ನಟ್ಟನ್ನು ಇನ್ನಷ್ಟು ಬಿಗಿದು ಅದನ್ನು ನಿಲ್ಲಿಸಲು ಹೋಗದೆ, ಬಿಚ್ಚಿ ಉಂಗುರವನ್ನು ಮತ್ತೆ ಕಾಯಿಸಿ ಕೂರಿಸಿ.

ಮಡ್ಡಿ ಮತ್ತೆ ಬೇಗ ಕಟ್ಟದಿರಲು ಪೆಟ್ರೋಲಿಗೆ ಎಣ್ಣೆಯನ್ನು ಅಳೆದು ಹಾಕಬೇಕು. 1:25ರ ಲೆಕ್ಕದಲ್ಲಿ ಲೀಟರಿಗೆ 40 ಮಿ.ಲೀ. ಆಗುತ್ತದೆ; ಎಂಜಿನ್ ಚೆನ್ನಾಗಿರಲಿ ಎಂದು ಅದಕ್ಕಿಂತ ಹೆಚ್ಚು ಸುರಿದರೆ ಅದೆಲ್ಲ ಬ್ಯಾಫಲ್ ಸೇರುತ್ತದೆ. ಟೂಲ್ ಬಾಕ್ಸಿನಲ್ಲಿರುವ ಪುಟ್ಟ ಪುಸ್ತಕದಲ್ಲಿ ಸೈಲೆನ್ಸರ್ ಕೂರಿಸಿದ ದಿನ, ಆಗಿನ ಕಿ.ಮೀ., ಎಡಬಲಗಳಲ್ಲಿ ಕಂಡ ವ್ಯತ್ಯಾಸ, ಹಾಕಿದ ಉಂಗುರ ಹೊಸದೋ ಕಾಯಿಸಿದ್ದೋ ಎಂಬುದನ್ನು ಬರೆದಿಡಿ.